ವಿಧಿಯ ತಲೆಗೆ ಕಟ್ಟಿದ ಸಾವುಗಳು

ನಂದಳಿಕೆಯ ಮುದ್ದಣ ಬದುಕಿದ್ದು 31 ವರ್ಷ. ಮೈಸೂರಿನ ತ್ರಿವೇಣಿ 34 ವರ್ಷ. ಕೊಡಗಿನ ಗೌರಮ್ಮನವರಿಗೆ ಮೂವತ್ತೂ ತುಂಬಿರಲಿಲ್ಲ. ಮೂವರ ಆಯಸ್ಸನ್ನು ಒಟ್ಟು ಸೇರಿಸಿದರೂ ಶಿವರಾಮ ಕಾರಂತರೊಬ್ಬರೇ ಬಾಳಿದ 95 ವರ್ಷಕ್ಕೆ ಸಾಟಿಯಾಗುವುದಿಲ್ಲ. ಅಷ್ಟು ಸಣ್ಣ ಅವಧಿಯಲ್ಲೇ ಒಬ್ಬರು ಹೊಸಗನ್ನಡದ ಮುಂಗೋಳಿ ಎನಿಸಿಕೊಂಡರು, ಒಬ್ಬರು ಕನ್ನಡ ಸಣ್ಣಕಥೆಗೆ ಹೆಣ್ಣಿನ ಕಣ್ಣು ಕೊಟ್ಟರು, ಇನ್ನೊಬ್ಬರು ಮನೋರೋಗವನ್ನು ಗುಸುಗುಸು ಮಾತಿನಿಂದ ಎತ್ತಿ ಕಾದಂಬರಿಯ ನಡುಮನೆಗೆ ತಂದು ಕೂರಿಸಿದರು.

ಇವರ ಬಗ್ಗೆ ಬರೆಯುವಾಗ ನಮ್ಮ ಲೇಖನಿಗೆ ಕೆಲವು ಪದಗಳು ತಾವಾಗಿಯೇ ಬಂದುಬಿಡುತ್ತವೆ. ಅಲ್ಪಾಯುಷಿ. ಅಕಾಲ ಮರಣ. ವಿಧಿಯ ಕ್ರೂರ ಆಟ. ಶಾಲಾ ಪುಸ್ತಕದ ಕವಿಪರಿಚಯದಿಂದ ಹಿಡಿದು ಜನ್ಮದಿನದ ಭಾಷಣದವರೆಗೆ ಇವೇ ಮಾತು. ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಆದರೆ ಈ ಮೂರೂ ಸಾವುಗಳಿಗೆ ಹೆಸರಿಟ್ಟು ಹೇಳಬಹುದಾದ ಕಾರಣಗಳಿವೆ. ಒಂದು ಕ್ಷಯ, ಒಂದು ನದಿಯ ಅವಘಡ, ಒಂದು ಬಾಣಂತನದಲ್ಲಿ ಹೆಪ್ಪುಗಟ್ಟಿದ ರಕ್ತ. ಕಾರಣವನ್ನು ಬಿಟ್ಟು ಹಣೆಬರಹವನ್ನು ಮಾತ್ರ ಹೇಳಿದಾಗ ಅವರ ಬದುಕೂ ಮಸುಕಾಗುತ್ತದೆ, ಬರಹವೂ ಮಸುಕಾಗುತ್ತದೆ.

ಡ್ರಿಲ್ ಮಾಸ್ತರರ ಗುಟ್ಟು

ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ 1870ರ ಜನವರಿಯಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಲಕ್ಷ್ಮೀನಾರಣಪ್ಪ. ತಾಯಿ ಮಹಾಲಕ್ಷ್ಮಮ್ಮ ಮುದ್ದಿನಿಂದ ಕರೆದದ್ದು ಮುದ್ದಣ ಎಂದು. ಮನೆಯಲ್ಲಿ ಬಡತನ. ಓದು ಅರ್ಧಕ್ಕೇ ನಿಂತಿತು. ಬೇಗ ಸಂಬಳ ಸಿಗುವ ದಾರಿ ಹುಡುಕಿ ಮದರಾಸಿಗೆ ಹೋಗಿ ಅಂಗಸಾಧನೆಯ ತರಬೇತಿ ಪಡೆದರು, ಉಡುಪಿಗೆ ಮರಳಿ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕರಾದರು. ಹಗಲು ಮೈದಾನದಲ್ಲಿ ಹುಡುಗರಿಗೆ ಕವಾಯತು, ಸಂಜೆ ಮನೆಯಲ್ಲಿ ಹಳಗನ್ನಡದ ಓದು. ಉಡುಪಿಯ ಶಾಲೆಯ ಮಳಲಿ ಸುಬ್ಬರಾಯರು ಆ ಓದಿಗೆ ಗುರುವೂ ಆದರು, ಗೆಳೆಯರೂ ಆದರು. 'ರತ್ನಾವತೀ ಕಲ್ಯಾಣ', 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳು ಹುಟ್ಟಿದವು.

ಮೈಸೂರಿನಲ್ಲಿ ಆಗ ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುವ 'ಕಾವ್ಯಮಂಜರಿ', 'ಕಾವ್ಯಕಲಾನಿಧಿ' ಮಾಲೆಗಳಿದ್ದವು. ಉಡುಪಿಯಿಂದ ಅಲ್ಲಿಗೆ ಒಂದಾದ ಮೇಲೊಂದು ಹಸ್ತಪ್ರತಿಗಳು ಬಂದವು. 'ಅದ್ಭುತ ರಾಮಾಯಣ' ಹಳೆಯ ಕೃತಿಯೆಂದು ಬಂತು. 'ಶ್ರೀರಾಮ ಪಟ್ಟಾಭಿಷೇಕ' ಬರೆದವಳು ಮಹಾಲಕ್ಷ್ಮಿ ಎಂಬ ಕವಯಿತ್ರಿ ಎಂದು ಬಂತು. ಆ ಕವಯಿತ್ರಿಯ ಹೆಸರು ಮುದ್ದಣನ ಸ್ವಂತ ತಾಯಿಯದು. ಕೊನೆಗೆ ಬಂದದ್ದು 'ಶ್ರೀರಾಮಾಶ್ವಮೇಧ'. ಮೂರನ್ನೂ ಬರೆದವರು ಅದೇ ವ್ಯಾಯಾಮ ಶಿಕ್ಷಕರು. ಮೂರರ ಮೇಲೂ ಅವರು ಹಕ್ಕು ಹೇಳಲಿಲ್ಲ. ಹೆಸರಿಲ್ಲದ ಒಬ್ಬ ಡ್ರಿಲ್ ಮಾಸ್ತರ ಬರೆದದ್ದೆಂದರೆ ಪಂಡಿತರು ಕಣ್ಣೆತ್ತಿಯೂ ನೋಡಲಾರರು ಎಂಬ ಅಳುಕೇ ಇದಕ್ಕೆ ಕಾರಣವಿದ್ದೀತು ಎಂದು ವಿದ್ವಾಂಸರು ಊಹಿಸುತ್ತಾರೆ.

'ರಾಮಾಶ್ವಮೇಧ'ದ ಚೆಲುವು ಇರುವುದು ರಾಮನ ಕಥೆಗಿಂತ ಹೆಚ್ಚಾಗಿ ಅದನ್ನು ಹೇಳುವ ಗಂಡ ಮತ್ತು ಕೇಳುವ ಹೆಂಡತಿಯ ನಡುವೆ. ಮಳೆಗಾಲ. ಮುದ್ದಣ ಮನೆಗೆ ಬರುತ್ತಾನೆ. ಮನೋರಮೆ ಕಥೆ ಹೇಳೆಂದು ಕಾಡುತ್ತಾಳೆ. ಪದ್ಯ ಬೇಡ, ಗದ್ಯದಲ್ಲೇ ಹೇಳಬೇಕು; ಸಂಸ್ಕೃತದ ಭಾರ ಬೇಡ, ತಿರುಳ್ಗನ್ನಡವೇ ಆಗಬೇಕು ಎಂದು ಕರಾರು ಹಾಕುತ್ತಾಳೆ. ಕಥೆಯ ನಡುನಡುವೆ ತಡೆಯುತ್ತಾಳೆ, ಕೆಣಕುತ್ತಾಳೆ, ಮುನಿಸಿಕೊಳ್ಳುತ್ತಾಳೆ. ಸಾವಿರ ವರ್ಷದ ಕಾವ್ಯ ಪರಂಪರೆಯಲ್ಲಿ ಕೇಳುವವಳೊಬ್ಬಳು ಕವಿಯ ಎದುರು ಕೂತು ನನಗೆ ಅರ್ಥವಾಗುವ ಹಾಗೆ ಹೇಳು ಎಂದು ಹೀಗೆ ಹಟ ಹಿಡಿದದ್ದು ಅಪರೂಪ. ಹೊಸಗನ್ನಡದ ಬಾಗಿಲು ತೆರೆಯುವ ಸದ್ದು ಆ ಹಟದಲ್ಲಿ ಕೇಳಿಸುತ್ತದೆ. ಬರೆದವರ ಎದೆಯೊಳಗೆ ಕ್ಷಯ ಕೂತಿತ್ತು ಎಂಬುದರ ನೆರಳೂ ಆ ಸಲ್ಲಾಪದ ಮೇಲೆ ಬಿದ್ದಿಲ್ಲ.

1901ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಮುದ್ದಣ ಹಳೆಯ ಕಾಲದ ಯಾರೋ ಕವಿ ಎಂದೇ ಓದುಗರು ಬಹುಕಾಲ ನಂಬಿದ್ದರು. ನಿಜವಾದ ಕವಿ ಯಾರೆಂಬುದು ನಾಡಿಗೆಲ್ಲ ತಿಳಿಯುವ ಹೊತ್ತಿಗೆ ದಶಕಗಳೇ ಉರುಳಿದ್ದವು.

ಊಟದ ತಟ್ಟೆ ಮತ್ತು ಕ್ಷಯ

ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದ್ದು 1882ರಲ್ಲಿ. ಆಗ ನಂದಳಿಕೆಯ ಹುಡುಗನಿಗೆ 12 ವರ್ಷ. ಆ ರೋಗಾಣುವನ್ನು ಕೊಲ್ಲುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಅಮೆರಿಕದ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1943ರಲ್ಲಿ. ನಡುವಿನ ಅರವತ್ತು ವರ್ಷ ವೈದ್ಯರಿಗೆ ಶತ್ರು ಯಾರೆಂದು ಗೊತ್ತಿತ್ತು, ಕೈಯಲ್ಲಿ ಆಯುಧ ಇರಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಪೌಷ್ಟಿಕ ಊಟ ಇಷ್ಟೇ ಚಿಕಿತ್ಸೆ. ತಿಂಗಳ ಸಂಬಳ ತಿಂಗಳ ಖರ್ಚಿಗೇ ಸರಿಹೋಗುತ್ತಿದ್ದ ಮೇಷ್ಟರಿಗೆ ಅವುಗಳಲ್ಲಿ ಗಾಳಿಯೊಂದನ್ನು ಬಿಟ್ಟು ಬೇರೆ ಯಾವುದೂ ಪುಕ್ಕಟೆ ಸಿಗುತ್ತಿರಲಿಲ್ಲ.

ಲೋಕದ ದೊಡ್ಡ ಬರಹಗಾರರನ್ನೂ ಈ ರೋಗ ಹೀಗೆಯೇ ಎತ್ತಿಕೊಂಡು ಹೋಯಿತು. ಇಂಗ್ಲಿಷ್ ಕವಿ ಜಾನ್ ಕೀಟ್ಸ್ 1821ರಲ್ಲಿ ರೋಮ್ ನಗರದಲ್ಲಿ ತೀರಿಕೊಂಡಾಗ 25 ವರ್ಷ. ರಷ್ಯಾದ ಚೆಕಾವ್ ಸ್ವತಃ ವೈದ್ಯರು. 1904ರಲ್ಲಿ 44ನೇ ವಯಸ್ಸಿಗೆ ಹೋದರು. 1924ರಲ್ಲಿ ಕಾಫ್ಕಾ, 40 ವರ್ಷ. ಜಾರ್ಜ್ ಆರ್ವೆಲ್ ಅವರಿಗೆ 1948ರಲ್ಲಿ ಸ್ಕಾಟ್ಲೆಂಡಿನ ಆಸ್ಪತ್ರೆಯಲ್ಲಿ ಅಮೆರಿಕದಿಂದ ತರಿಸಿದ ಸ್ಟ್ರೆಪ್ಟೊಮೈಸಿನ್ ಕೊಟ್ಟರು. ಮದ್ದು ಮೈಗೆ ಒಗ್ಗದೆ ಚರ್ಮ, ಬಾಯಿ, ಉಗುರೆಲ್ಲ ಕೆಟ್ಟು ಅದನ್ನು ನಿಲ್ಲಿಸಬೇಕಾಯಿತು. 1950ರ ಜನವರಿಯಲ್ಲಿ 46ನೇ ವಯಸ್ಸಿಗೆ ಅವರೂ ಇಲ್ಲವಾದರು. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಕ್ಷಯವನ್ನು ಕವಿಗಳ ಕಾಯಿಲೆಯೆಂದು, ಪ್ರತಿಭೆಯ ಗುರುತೆಂದು ಕೊಂಡಾಡಿದವರೂ ಇದ್ದರು. ಅದೇ ಕಾಲದಲ್ಲಿ ಅದೇ ರೋಗದಿಂದ ಗಿರಣಿಯ ಕೂಲಿಗಳೂ ಗಣಿಯ ಕಾರ್ಮಿಕರೂ ಲಕ್ಷಗಟ್ಟಲೆ ಸತ್ತರು. ಅವರ ಪ್ರತಿಭೆಯ ಬಗ್ಗೆ ಯಾರೂ ಬರೆಯಲಿಲ್ಲ.

ಕ್ಷಯಕ್ಕೂ ಹಸಿವಿಗೂ ಇರುವ ನಂಟಿನ ಬಗ್ಗೆ ಈಚೆಗೆ ಬಂದ ಬಲವಾದ ಸಾಕ್ಷ್ಯದ ಹಿಂದೆ ಮುದ್ದಣನ ಸೀಮೆಯದೇ ಒಂದು ಕಾಲೇಜಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಕೆಲವು ಕುಟುಂಬಗಳಿಗೆ ರೋಗಿಯ ಜೊತೆಗೆ ಮನೆಮಂದಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆಯಂಥ ಪಡಿ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮನೆಮಂದಿಗೂ ಪಡಿ ಸಿಕ್ಕ ಕಡೆ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಪರೀಕ್ಷೆಯಲ್ಲಿ ರೋಗಾಣು ಖಚಿತವಾದ ಶ್ವಾಸಕೋಶದ ಕ್ಷಯವನ್ನಷ್ಟೇ ಲೆಕ್ಕ ಹಾಕಿದರೆ ಶೇ 48ರಷ್ಟು. ಹೊಟ್ಟೆ ತುಂಬ ಊಟ ಇದ್ದ ಮನೆಯಲ್ಲಿ ರೋಗ ಇಷ್ಟು ಇಳಿಯುತ್ತದೆ ಎಂದಾದರೆ, 1901ರ ಆ ಸಾವಿನಲ್ಲಿ ವಿಧಿಯ ಪಾಲಿಗಿಂತ ಬಡತನದ ಪಾಲು ದೊಡ್ಡದು.

ಕಂಬನಿಯಾಚೆಯ ಗೌರಮ್ಮ

ಗೌರಮ್ಮನವರ ಕಥೆ ಹೇಳುವಾಗ ಒಂದು ತಪ್ಪು ನಡೆದುಬಿಡುತ್ತದೆ. ಅವರ ಮೊದಲ ಸಂಕಲನದ ಹೆಸರು 'ಕಂಬನಿ'. ಅದು ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ. ಹಾಗಾಗಿ ಕಣ್ಣೀರು ತುಂಬಿದ ಮುಖವೊಂದನ್ನು ಓದುಗರು ತಾವೇ ಕಲ್ಪಿಸಿಕೊಳ್ಳುತ್ತಾರೆ. ಅವರನ್ನು ಬಲ್ಲವರು ಬರೆದಿಟ್ಟ ಚಿತ್ರವೇ ಬೇರೆ. ಟೆನಿಸ್ ಆಡುತ್ತಿದ್ದ, ಈಜುತ್ತಿದ್ದ, ನಗುನಗುತ್ತ ಮಾತಾಡುತ್ತಿದ್ದ, ಮನೆಗೆ ಬಂದ ಸಾಹಿತಿಗಳೊಡನೆ ಸರಿಸಮವಾಗಿ ವಾದಿಸುತ್ತಿದ್ದ ಹೆಣ್ಣುಮಗಳು ಅವರು.

1912ರಲ್ಲಿ ಮಡಿಕೇರಿಯಲ್ಲಿ ಹುಟ್ಟು. ಪತಿ ಬಿ.ಟಿ. ಗೋಪಾಲಕೃಷ್ಣ ಸುಂಟಿಕೊಪ್ಪದ ಬಳಿಯ ಕಾಫಿ ತೋಟವೊಂದರಲ್ಲಿ ಮ್ಯಾನೇಜರು. ಕಥೆಗಳ ಕೆಳಗೆ ಅವರು ಹಾಕುತ್ತಿದ್ದ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ದೇಶ ಸುತ್ತುತ್ತ ಕೊಡಗಿಗೆ ಬಂದರು. ಅವರು ತಮ್ಮ ಮನೆಗೂ ಬರಬೇಕೆಂದು ಗೌರಮ್ಮ ಆಸೆಪಟ್ಟರು. ಕಾರ್ಯಕ್ರಮಗಳ ನಡುವೆ ಅದಕ್ಕೆ ಬಿಡುವಿಲ್ಲ ಎಂಬ ಉತ್ತರ ಬಂದಾಗ ಅವರು ಹಿಡಿದದ್ದು ಗಾಂಧೀಜಿಯದೇ ದಾರಿಯನ್ನು. ಬರುವ ತನಕ ಊಟ ಮಾಡುವುದಿಲ್ಲ ಎಂದು ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ಮೈಮೇಲಿನ ಒಡವೆಗಳನ್ನು ಕಳಚಿ ನಿಧಿಗೆ ಕೊಟ್ಟರು. ಉಳಿಸಿಕೊಂಡದ್ದು ಮಂಗಳಸೂತ್ರ, ಮೂಗುತಿ, ಓಲೆ ಮಾತ್ರ. ಆಗ ಅವರಿಗಿನ್ನೂ ಇಪ್ಪತ್ತೆರಡರ ಆಸುಪಾಸು.

ಅವರು ಬರೆದ ಕಥೆಗಳು ಎರಡು ತೆಳ್ಳನೆಯ ಸಂಕಲನಗಳಲ್ಲಿ ಮುಗಿಯುತ್ತವೆ. 'ಕಂಬನಿ' ಒಂದು, ಆಮೇಲೆ ಬಂದ 'ಚಿಗುರು' ಇನ್ನೊಂದು. ಒಳಗೆ ಬರುವವರು ಎಳೆಯ ವಿಧವೆಯರು, ಗಂಡ ಬಿಟ್ಟವರು, ಜಾತಿ ಮತ ದಾಟಿ ಪ್ರೀತಿಸಿದವರು, ಒಮ್ಮೆ ಮೋಸಹೋದ ತಪ್ಪಿಗೆ ಊರಿನಿಂದ ಹೊರಬಿದ್ದವರು. ಅವರ ಒಂದು ಕಥೆಯ ಹೆಸರೇ 'ಅಪರಾಧಿ ಯಾರು?' ಎಂದು. ಆ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಹೆಣ್ಣಿನ ಪಾಡನ್ನು ಕಂಡು ಎಲ್ಲರೂ ಹಣೆಬರಹ ಎನ್ನುತ್ತಿದ್ದ ಕಾಲದಲ್ಲಿ, ಇಪ್ಪತ್ತರ ಆಸುಪಾಸಿನ ಲೇಖಕಿಯೊಬ್ಬರು ಹಣೆಬರಹದ ಮಾತನ್ನು ಪಕ್ಕಕ್ಕಿಟ್ಟು ತಪ್ಪು ಯಾರದು, ಹೆಸರು ಹೇಳಿ ಎಂದು ಕೇಳಿದರು. ಅಪ್ಪನದೇ, ಗಂಡನದೇ, ಮಠದ್ದೇ, ಪಕ್ಕದ ಮನೆಯವರದ್ದೇ ಎಂಬ ವಿಚಾರಣೆಯನ್ನು ಓದುಗರ ಅಂಗಳಕ್ಕೇ ತಂದರು.

ಏಪ್ರಿಲ್ ತಿಂಗಳ ಒಂದು ದಿನ, 1930ರ ದಶಕ ಮುಗಿಯುತ್ತ ಬಂದಾಗ, ಹಾರಂಗಿ ಹೊಳೆಯಲ್ಲಿ ಈಜಲು ಇಳಿದವರು ಸುಳಿಗೆ ಸಿಕ್ಕಿದರು. ಅದು ಅವಘಡ. ಅದಕ್ಕೆ ಬೇರೆ ಅರ್ಥ ಹಚ್ಚುವ ಅಗತ್ಯವಿಲ್ಲ. ಕೊಡಗಿನ ಹೊಳೆಗಳ ಸುಳಿಗೆ ಈಜು ಬಲ್ಲವರೂ ಬಲಿಯಾಗಿದ್ದಾರೆ, ಈಗಲೂ ಆಗುತ್ತಿದ್ದಾರೆ. ಗೌರಮ್ಮನವರನ್ನು ಸ್ವಂತ ತಂಗಿಯಂತೆ ಕಂಡಿದ್ದ ದ.ರಾ. ಬೇಂದ್ರೆ 'ತಂಗಿ ಗೌರಮ್ಮ' ಎಂಬ ಕವನ ಬರೆದು ದುಃಖ ಹಂಚಿಕೊಂಡರು. ತಾವೇ ಹಲವು ಮಕ್ಕಳನ್ನು ಮಣ್ಣಿಗಿಟ್ಟಿದ್ದ ಕವಿ ಅವರು. ಶೋಕ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಿಜವಾದ ನಷ್ಟ ಆಮೇಲಿನದು. ಎಂಟು ದಶಕ ಗೌರಮ್ಮನವರ ಹೆಸರನ್ನು ಕೇಳಿದವರು ಬಹಳ, ಕಥೆಗಳನ್ನು ಓದಿದವರು ಕಡಿಮೆ. ಅವರದೇ ಊರು ಮಡಿಕೇರಿಯ ದೀಪಾ ಭಾಸ್ತಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದದ್ದು ಈಚಿನ ವರ್ಷಗಳಲ್ಲಿ. ಅದೇ ಅನುವಾದಕಿ 2025ರಲ್ಲಿ ಬಾನು ಮುಷ್ತಾಕ್ ಅವರೊಂದಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಹಂಚಿಕೊಂಡರು. ಕನ್ನಡದ ಹೆಣ್ಣುಮಕ್ಕಳ ಕಥೆ ಲಂಡನ್ ತಲುಪಿದ ಆ ಹಾದಿಯ ಮೊದಲ ಮೈಲಿಗಲ್ಲುಗಳಲ್ಲಿ ಸುಂಟಿಕೊಪ್ಪದ ತೋಟದ ಮನೆಯೂ ಒಂದು.

ಬಾಣಂತಿ ಸನ್ನಿಯ ಲೇಖಕಿ, ಬಾಣಂತನದ ಸಾವು

ತ್ರಿವೇಣಿಯವರ ನಿಜ ಹೆಸರು ಅನಸೂಯಾ. 1928ರ ಸೆಪ್ಟೆಂಬರ್ 1ರಂದು ಹುಟ್ಟಿದರು. ದೊಡ್ಡಪ್ಪ ಬಿ.ಎಂ. ಶ್ರೀಕಂಠಯ್ಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿ ಚಿನ್ನದ ಪದಕದೊಂದಿಗೆ ಬಿ.ಎ. ಮುಗಿಸಿದರು. ಮನಃಶಾಸ್ತ್ರದ ಆ ಓದು ಮುಂದೆ ಕನ್ನಡ ಕಾದಂಬರಿಯ ದಿಕ್ಕನ್ನೇ ಬದಲಿಸಿತು. 1953ರಲ್ಲಿ ಮೊದಲ ಕಾದಂಬರಿ 'ಅಪಸ್ವರ'. ಅಲ್ಲಿಂದ ಹತ್ತೇ ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ, ಮೂರು ಕಥಾಸಂಕಲನ. ಚಿಕ್ಕಂದಿನಿಂದ ಕಾಡಿದ ಉಬ್ಬಸ ಒಂದು ಕಡೆ, ಕೈಗೆ ಬರದೆ ಹೋದ ಬಸಿರಿನ ನೋವು ಇನ್ನೊಂದು ಕಡೆ. ಆ ಹತ್ತು ವರ್ಷವೂ ಇವುಗಳ ನಡುವೆಯೇ ಕೂತು ಬರೆದರು.

ಅವರ ಕಾದಂಬರಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. 'ಶರಪಂಜರ'ದ ಕಾವೇರಿ ಓದಿದವಳು, ಚೆಲುವೆ, ಗಂಡ ಸತೀಶನೊಡನೆ ಸುಖವಾಗಿದ್ದವಳು. ಹೆರಿಗೆಯ ನಂತರ ಅವಳ ಮನಸ್ಸು ಕೆಡುತ್ತದೆ. ನಮ್ಮ ಹಳ್ಳಿ ಪಟ್ಟಣಗಳಲ್ಲಿ ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಾರೆ. ದೆವ್ವ, ಗಾಳಿ, ಮಾಟ ಎಂದು ಮನೆಯವರು ಮಂತ್ರವಾದಿಯ ಬಳಿಗೆ ಓಡುತ್ತಿದ್ದ ಕಾಯಿಲೆ. ತ್ರಿವೇಣಿ ಕಾವೇರಿಯನ್ನು ಆಸ್ಪತ್ರೆಗೆ ಕಳಿಸಿದರು, ಗುಣಪಡಿಸಿ ಮನೆಗೆ ವಾಪಸು ತಂದರು. ಕಥೆಯ ಕರುಳು ಹಿಂಡುವ ಭಾಗ ಶುರುವಾಗುವುದೇ ಅಲ್ಲಿಂದ. ಗುಣವಾದವಳನ್ನು ಯಾರೂ ಗುಣವಾದಳೆಂದು ಒಪ್ಪುವುದಿಲ್ಲ. ಅವಳು ಜೋರಾಗಿ ನಕ್ಕರೆ ಅನುಮಾನ, ಸುಮ್ಮನೆ ಕೂತರೆ ಅನುಮಾನ. ನೆಂಟರು ಪಿಸುಗುಡುತ್ತಾರೆ, ಗಂಡ ದೂರ ಸರಿಯುತ್ತಾನೆ. ಕೊನೆಗೆ ಅವಳು ಮತ್ತೆ ಕುಸಿಯುತ್ತಾಳೆ. ರೋಗವನ್ನು ವೈದ್ಯರು ಗೆದ್ದಿದ್ದರು, ಮನೆಯವರು ಅದನ್ನು ಮರಳಿ ಕರೆದರು.

1963ರ ಜುಲೈಯಲ್ಲಿ ತ್ರಿವೇಣಿಯವರು ಹೆಣ್ಣುಮಗುವಿಗೆ ಜನ್ಮ ಕೊಟ್ಟರು. ಅಷ್ಟು ವರ್ಷ ಕಾದಿದ್ದ ಮಗು. ಹತ್ತು ದಿನ ಕಳೆದು, ಜುಲೈ 29ರಂದು, ಅವರು ಇಲ್ಲವಾದರು. ಅರ್ಧಕ್ಕೆ ನಿಂತ 'ಅವಳ ಮಗಳು' ಕಾದಂಬರಿಯನ್ನು ಆಮೇಲೆ ಎಂ.ಸಿ. ಪದ್ಮಾ ಪೂರ್ತಿ ಮಾಡಿದರು.

ಸಾವಿಗೆ ಕಾರಣ ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡ ಬಂದ ರಕ್ತದ ಗಡ್ಡೆ. ಇದು ನಿಗೂಢವಾದ ಸಂಗತಿಯೇನಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹರಿಯದಿರಲೆಂದು ದೇಹ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮೊದಲೇ ಸಿದ್ಧಮಾಡಿಕೊಳ್ಳುತ್ತದೆ. ಹೆತ್ತ ಮೇಲೂ ಸುಮಾರು ಆರು ವಾರ ಆ ಗುಣ ಉಳಿಯುತ್ತದೆ. ಆಗ ಕಾಲಿನ ಆಳದ ರಕ್ತನಾಳದಲ್ಲಿ ಗಡ್ಡೆಯೊಂದು ಕಟ್ಟಿ, ಕಿತ್ತು, ಮೇಲೆ ಹರಿದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಉಸಿರು ನಿಲ್ಲುತ್ತದೆ. ಒಂದೇ ಕಾಲು ಊದಿಕೊಳ್ಳುವುದು, ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆಯಲ್ಲಿ ಚುಚ್ಚು ನೋವು ಇದರ ಸೂಚನೆಗಳು. ಮೊದಲೇ ಉಬ್ಬಸ ಇರುವವರಲ್ಲಿ ಏದುಸಿರನ್ನು ಉಬ್ಬಸವೆಂದೇ ತಿಳಿದುಬಿಡುವ ಅಪಾಯವೂ ಇದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳು 1963ಕ್ಕೆ ಮೊದಲೇ ಬಂದಿದ್ದವು. ಆದರೆ ಗಡ್ಡೆ ಎಲ್ಲಿದೆಯೆಂದು ಕಣ್ಣಿಗೆ ತೋರಿಸುವ ಸಿ.ಟಿ. ಸ್ಕ್ಯಾನ್ ಯಂತ್ರ ಲೋಕದಲ್ಲೇ ಹುಟ್ಟಿರಲಿಲ್ಲ. ಅದು ರೋಗಿಗಳನ್ನು ಮೊದಲು ಮುಟ್ಟಿದ್ದು 1971ರಲ್ಲಿ.

ಬೆಳ್ಳಿತೆರೆ ತ್ರಿವೇಣಿಯವರ ಹೆಸರನ್ನು ಮನೆಮನೆಗೆ ಒಯ್ದಿದ್ದು ಅವರಿಲ್ಲವಾದ ಮೇಲೆ. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ 'ಬೆಳ್ಳಿಮೋಡ' 1967ರಲ್ಲಿ ಬಂತು. ಮರುವರ್ಷ 'ಹಣ್ಣೆಲೆ ಚಿಗುರಿದಾಗ'. ಕಲ್ಪನಾ ಕಾವೇರಿಯಾಗಿ ನಟಿಸಿದ 'ಶರಪಂಜರ' 1972ರಲ್ಲಿ. ಅವುಗಳಲ್ಲಿ ಒಂದನ್ನೂ ಮೂಲ ಲೇಖಕಿ ನೋಡಲಿಲ್ಲ.

ಮೂರು ಮುಚ್ಚಿದ ಹೆಸರುಗಳು

ಮೂವರನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮೂವರೂ ಸ್ವಂತ ಹೆಸರಿನಲ್ಲಿ ಬರೆಯಲಿಲ್ಲ. ಒಬ್ಬರು ತಾಯಿಯ ಹೆಸರಿನ ಹಿಂದೆ ಅಡಗಿದರು, ಒಬ್ಬರು ಗಂಡನ ಇನಿಷಿಯಲ್ ಹಿಂದೆ, ಒಬ್ಬರು ನದಿಗಳ ಸಂಗಮದ ಹೆಸರಿನ ಹಿಂದೆ. ಇನ್ನೂ ಮುಖ್ಯವಾದ ಸಂಗತಿ, ಮೂವರ ಬರಹವೂ ವಿಧಿಗೆ ತಲೆಬಾಗುವ ಬರಹ ಅಲ್ಲ. ಮನೋರಮೆ ಪರಂಪರೆಯ ಗತ್ತನ್ನು ಒಪ್ಪುವುದಿಲ್ಲ. ಗೌರಮ್ಮ ಅಪರಾಧಿಯ ಹೆಸರು ಕೇಳುತ್ತಾರೆ. ತ್ರಿವೇಣಿ ದೆವ್ವವನ್ನು ಒದ್ದೋಡಿಸಿ ವೈದ್ಯರನ್ನು ಕರೆತರುತ್ತಾರೆ. ಕಾರಣ ಹುಡುಕಿದ ಬರಹಗಾರರನ್ನು ನಾವು ವಿಧಿಯ ಬಲಿಪಶುಗಳೆಂದು ನೆನೆಯುತ್ತಿದ್ದೇವೆ. ಇದು ಅವರಿಗೆ ಮಾಡುವ ಅನ್ಯಾಯ.

ಕಾರಣಕ್ಕೆ ಹೆಸರಿಟ್ಟಲ್ಲೆಲ್ಲ ಏನಾದರೂ ಬದಲಾಗಿದೆ. ಕ್ಷಯರೋಗಿಗಳ ಊಟಕ್ಕೆಂದು ಕೇಂದ್ರ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವಿನ ವಿಶೇಷ ವಾರ್ಡ್ ನಡೆಯುತ್ತಿದೆ. ಬಾಣಂತಿ ಸನ್ನಿಯಿಂದ ನರಳುವ ತಾಯಿ ಅಲ್ಲಿ ತನ್ನ ಹಸುಗೂಸಿನ ಜೊತೆಗೇ ದಾಖಲಾಗುತ್ತಾಳೆ, ಚಿಕಿತ್ಸೆಯ ನಡುವೆಯೂ ಮಗು ಅವಳ ಮಡಿಲು ತಪ್ಪುವುದಿಲ್ಲ. ಕಾವೇರಿಗೆ ಅಂಥ ವಾರ್ಡ್ ಸಿಕ್ಕಿರಲಿಲ್ಲ.

ಇನ್ನು ಮುಂದೆ ಕವಿಪರಿಚಯ ಬರೆಯುವವರಲ್ಲಿ ಒಂದು ವಿನಂತಿ. ವಿಧಿ ಎಂದು ಬರೆಯುವ ಜಾಗದಲ್ಲಿ ಕ್ಷಯ ಎಂದು ಬರೆಯಿರಿ, ಹೊಳೆಯ ಸುಳಿ ಎಂದು ಬರೆಯಿರಿ, ಬಾಣಂತನದ ರಕ್ತದ ಗಡ್ಡೆ ಎಂದು ಬರೆಯಿರಿ. ತರಗತಿಯಲ್ಲಿ ಯಾವುದಾದರೂ ಮಗು ಕೈಯೆತ್ತಿ, ಹಾಗಾದರೆ ಅವರನ್ನು ಉಳಿಸಬಹುದಿತ್ತೇ ಎಂದು ಕೇಳಬಹುದು. ಕೇಳಿದರೆ ಉತ್ತರ ಹೇಳಿ. ಹೇಳಿದ ಮೇಲೆ 'ಅಪರಾಧಿ ಯಾರು?' ಕಥೆಯನ್ನು ಆ ಮಗುವಿನ ಕೈಗೆ ಕೊಡಿ.